ತಕ್ಷಣ ಸತ್ತವರ ಕಡತ

ನೀಲಾಂಬಿಕಾ ಬರುತ್ತಾಳೆಂದು ಸುಧನ್ವ ಫ್ರೂಟ್ ಕೇಕ್ ತಂದಿಟ್ಟಿದ್ದ. ಎರಡನೇ ಮಹಾಯುದ್ಧದಲ್ಲಿ ಸತ್ತವರ ಮನೆಯವರು ಬಂದರೆ ಚಹಾದ ಜೊತೆ ಫ್ರೂಟ್ ಕೇಕ್ ಕೊಡುವುದು ಆ ಮ್ಯೂಸಿಯಮ್ಮಿನ ಪದ್ಧತಿ. ಬರುವವರೆಲ್ಲ ಎಂಬತ್ತು ದಾಟಿದವರಾದ್ದರಿಂದ ಕೇಕ್ ಬಹಳ ಮೆತ್ತಗಿರುತ್ತಿತ್ತು.

ಮೆಲ್ಬರ್ನ್ ಬಳಿ, ವೆರಿಬೀ ಆಚೆಗಿನ ಆ ಮ್ಯೂಸಿಯಮ್ ಶೆಡ್ಡಿನಲ್ಲಿ ಅವನು ಶನಿವಾರದ ವಾಲಂಟಿಯರ್. ಉಳಿದ ದಿನ ಡ್ಯಾಂಡಿನಾಂಗಿನ ಫ್ಯಾಕ್ಟರಿಯೊಂದರಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ಶನಿವಾರ ಮಾತ್ರ ಫ್ಲೈಯಿಂಗ್ ಬೋಟುಗಳ ಗುಮಾಸ್ತ. ನೀರಿನ ಮೇಲಿಂದ ಹಾರಿ ನೀರಿನ ಮೇಲೇ ಇಳಿಯುತ್ತಿದ್ದ ಮಿಲಿಟರಿ ವಿಮಾನಗಳವು. ಹೊಟ್ಟೆ ದೋಣಿಯದು, ರೆಕ್ಕೆ ವಿಮಾನದ್ದು. ಶತ್ರುಗಳು ಕೆಡವಿದವು ಅವನಿಗೆ ಬೇಡ. ತಾವಾಗಿಯೇ ಬಿದ್ದವು, ಮುಳುಗಿದವು, ಗುಡ್ಡಕ್ಕೆ ಬಡಿದವು ಮಾತ್ರ ಅವನ ವೆಬ್‌ಸೈಟಿನಲ್ಲಿ ಜಾಗ ಪಡೆಯುತ್ತಿದ್ದವು. ಮ್ಯಾಟ್ರಿಮನಿ ಪ್ರೊಫೈಲಿನಲ್ಲೂ ಹವ್ಯಾಸ ಎಂದಿದ್ದ ಕಡೆ ಪ್ರಾಮಾಣಿಕವಾಗಿ ಇದನ್ನೇ ಬರೆದಿದ್ದ. ಎರಡು ವರ್ಷದಲ್ಲಿ ಒಂದೇ ಉತ್ತರ ಬಂದಿತ್ತು. ಅದು ಇನ್ಶೂರೆನ್ಸ್ ಏಜೆಂಟ್‌ನದು.

ಬಂದವಳಿಗೆ ಎಂಬತ್ತಾಗಿರಲಿಲ್ಲ. ಮೂವತ್ನಾಲ್ಕು ಇರಬಹುದು. ಸಿಡ್ನಿಯಿಂದ ಬೆಳಗಿನ ಫ್ಲೈಟು ಹಿಡಿದು ಬಂದಿದ್ದಳು. ಕಂಕುಳಲ್ಲಿ ಹಳದಿ ಫೋಲ್ಡರ್, ಮುಖದಲ್ಲಿ ಏನೂ ಇಲ್ಲ.

“ನಿಮ್ಮವರು ಯಾವ ವಿಮಾನದಲ್ಲಿದ್ರು? ಯಾವ ವರ್ಷ?” ಎಂದು ಕೇಳಿದ.

“ಎರಡು ಸಾವಿರದ ನಾಲ್ಕು, ಜೂನ್ ಇಪ್ಪತ್ತು,” ಅಂದಳು. “ವಿಮಾನ ಇಲ್ಲ.”

ಸುಧನ್ವ ಚಹಾ ಕೆಳಗಿಟ್ಟ. ಇದು ೨೦೦೭ರ ಮಾರ್ಚ್. ಅವನ ಕಡತಗಳು ೧೯೪೫ಕ್ಕೇ ಮುಗಿಯುತ್ತಿದ್ದವು.

“ನಿಮ್ಮ ವೆಬ್‌ಸೈಟಲ್ಲಿ ಒಂದು ಟೇಬಲ್ ಇದೆ. ಸಮುದ್ರಕ್ಕೆ ಬಿದ್ದೋರು ಎಷ್ಟು ಗಂಟೆ ಬದುಕಿದ್ರು, ಎಲ್ಲಿಗೆ ತೇಲಿ ಹೋದ್ರು ಅಂತ. ಅದರಲ್ಲಿ ನನ್ನ ಗಂಡನ್ನ ಹಾಕಿ ನೋಡ್ಬೇಕು.”

ಅವಳು ಸಿಡ್ನಿಯ ನಾರ್ವೆಸ್ಟಿನ ಆಫೀಸೊಂದರಲ್ಲಿ ವಿಮೆಯ ಕ್ಲೇಮುಗಳನ್ನು ಓದುವವಳು. ಗಂಡನ ಕಥೆಯನ್ನೂ ಕ್ಲೇಮ್ ಓದಿದಂತೆಯೇ ಓದಿದಳು. ಹೆಸರು ಯತೀಶ್. ಭಾನುವಾರಗಳಲ್ಲಿ ಬಂಡೆಗಳ ಮೇಲೆ ನಿಂತು ಗಾಳ ಹಾಕುವ ಚಟ, ಆಫೀಸಿನ ಗೆಳೆಯರಿಂದ ಹತ್ತಿದ್ದು. ಅಂದು ಹನ್ನೊಂದಕ್ಕೆ ಫೋನ್ ಮಾಡಿ, ಊಟಕ್ಕೆ ಬರ್ತೀನಿ ಅಂದಿದ್ದ. ಬರಲಿಲ್ಲ. ಫೋನೂ ಎತ್ತದಾಗ ಒಂದು ಗಂಟೆಗೆ ಪೊಲೀಸರಿಗೆ ತಿಳಿಸಿದಳು. ಎಲ್ಲಿಗೆ, ಯಾಕೆ ಹೋಗಿದ್ದ ಎಂದು ಅವರು ಕೇಳಿದರು.

“ವಾಕಿಂಗ್ ಅಂದೆ. ಬಾಂಡೈ ಕಡೆ ಅಂದೆ.”

“ಯಾಕೆ?”

“ಅತ್ತೆ ಪಕ್ಕದಲ್ಲೇ ನಿಂತಿದ್ರು. ಧಾರವಾಡದ ಲಿಂಗಾಯತರ ಮನೆ, ಮೊಟ್ಟೆ ಸಹ ಒಳಗೆ ಬರಲ್ಲ. ಅವರಿಗೆ ಬರ್ತಿದ್ದದ್ದೇ ಹತ್ತು ಇಂಗ್ಲಿಷ್ ಪದ. ಫಿಶ್ ಅದರಲ್ಲಿ ಒಂದು.”

ಎರಡು ಗಂಟೆ ಕಾಲ ಹೆಲಿಕಾಪ್ಟರ್ ಬಾಂಡೈ ತೀರವನ್ನು ಜಾಲಾಡಿತು. ಮೂರೂವರೆಗೆ ಯತೀಶನ ಕರೋಲಾ ಕಾರು ಎಷ್ಟೋ ದೂರದ ಲಾ ಪೆರೂಸ್ ಬಳಿ ಸಿಕ್ಕಿತು. ಬಂಡೆಯ ಮೇಲೆ ಗಾಳದ ಬ್ಯಾಗ್ ಇತ್ತು. ಅವನು ಇರಲಿಲ್ಲ, ಈವರೆಗೂ ಸಿಕ್ಕಿಲ್ಲ. ಮಗ ಮೀನು ಹಿಡಿಯಲು ಹೋಗಿದ್ದನೆಂದು ಅತ್ತೆಗೆ ಆಮೇಲೂ ಯಾರೂ ಹೇಳಿರಲಿಲ್ಲ.

“ಆ ಎರಡು ಗಂಟೆಗೆ ಏನಾದ್ರೂ ಬೆಲೆ ಇತ್ತಾ ಇಲ್ವಾ? ಅಷ್ಟೇ ನನ್ನ ಪ್ರಶ್ನೆ.”

“ಇತ್ತು ಅಂತಾದ್ರೆ?”

“ಅವರ ಮಗ ಹೋಗಿದ್ದು ನನ್ನಿಂದ ಅಂತಾಯ್ತು. ಅತ್ತೆ ಇರೋವರೆಗೂ, ಆಮೇಲೂ, ಹೀಗೇ ಇದ್ದುಬಿಡ್ತೀನಿ.”

“ಇಲ್ಲ ಅಂತಾದ್ರೆ?”

ಇದನ್ನವಳು ಯೋಚಿಸಿರಲಿಲ್ಲವೆಂದು ಕಾಣುತ್ತದೆ. ಕೇಕಿನ ತುಂಡು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು.

“ಇದರಲ್ಲಿ ಸಕ್ಕರೆ ಹಾಕಿದಾರಾ?” ಎಂದು ಕೇಳಿದಳು.

ಕೇಕಿನ ಮೇಲೆ ಒಂದು ಅಂಗುಲ ದಪ್ಪದ ಸಕ್ಕರೆ ಐಸಿಂಗ್ ಇತ್ತು. ಸುಧನ್ವನಿಗೆ ಆ ಕ್ಷಣದಲ್ಲೇ ಅವಳ ಮೇಲೆ ಮನಸ್ಸಾಯಿತು. ಇದಕ್ಕೆ ಅವನ ಬಳಿ ಸಮರ್ಥನೆ ಇಲ್ಲ.

ಆಮೇಲೆ ಪ್ರತಿ ಬುಧವಾರ ಸಂಜೆ ಫೋನು. ಪ್ರೇಮಿಗಳು ಸಾಮಾನ್ಯವಾಗಿ ಮಾತಾಡದ ವಿಷಯಗಳು: ಆ ದಿನದ ಅಲೆಯ ಎತ್ತರ, ನೀರಿನ ಟೆಂಪರೇಚರ್, ಯತೀಶನ ಬೂಟಿನ ತೂಕ. ಅವಳು ಎಲ್ಲಕ್ಕೂ ಚಾಚೂತಪ್ಪದೆ ಉತ್ತರಿಸುತ್ತಿದ್ದಳು. ಲೆಕ್ಕಕ್ಕೆ ಬೇಕಿಲ್ಲದ ಪ್ರಶ್ನೆಗಳನ್ನು ಅವನು ನಡುವೆ ತೂರಿಸುತ್ತಿದ್ದ.

“ನಿಮಗೆ ಹಾಡು ಬರುತ್ತಾ?”

“ಅದು ಅಲೆಗೆ ಸಂಬಂಧಪಟ್ಟಿದ್ದಾ?”

“ಇಲ್ಲ.”

“ಹಾಗಾದ್ರೆ ಬರಲ್ಲ.”

ಒಂದು ಬುಧವಾರ ಅವಳೇ ಕೇಳಿದಳು, “ಆ ವಿಮಾನಗಳು ಜಾಸ್ತಿ ಬೀಳ್ತಿದ್ದದ್ದು ಬಿರುಗಾಳಿಯಲ್ಲಾ?”

“ಎಷ್ಟೋ ಬಿದ್ದದ್ದು ನೀರು ಕನ್ನಡಿ ಥರ ಇದ್ದಾಗ. ಅಲೆ ಇಲ್ದಿದ್ರೆ ನೀರೆಲ್ಲಿದೆ ಅಂತ ಪೈಲಟ್‌ಗೆ ಕಾಣಲ್ಲ. ಇನ್ನೂ ಮೇಲಿದ್ದೀನಿ ಅಂದ್ಕೊಂಡೇ ಡಿಕ್ಕಿ ಹೊಡೀತಾನೆ. ಅದಕ್ಕೇ ಮೊದಲು ಒಂದು ಮೋಟರ್ ಬೋಟ್ ಓಡಿಸಿ ನೀರು ಕದಡ್ತಿದ್ರು.”

ಆ ತುದಿಯಲ್ಲಿ ಅವಳು ಪೆನ್ನು ಕೆಳಗಿಟ್ಟ ಸದ್ದು ಕೇಳಿತು.

“ಆ ಬೋಟು ನೀವು ಅಂತ ಹೇಳ್ಬೇಡಿ ಮತ್ತೆ. ನಂಗೆ ನಗು ಬರಲ್ಲ.”

“ಹೇಳೋನಿದ್ದೆ. ಬಿಟ್ಟೆ.”

“ಒಳ್ಳೇದು,” ಎಂದು ಫೋನಿಟ್ಟಳು. ಆ ‘ಒಳ್ಳೇದು’ ಮಾಮೂಲಿಗಿಂತ ಅರ್ಧ ಸ್ವರ ಮೇಲಿತ್ತು. ಅವನು ಒಂದು ವಾರ ಅದರಲ್ಲೇ ಕಳೆದ.

ಲೆಕ್ಕ ಮೇ ಕೊನೆಗೆ ಮುಗಿಯಿತು. ಉತ್ತರ ಅವನಿಗೆ ಬೇಕಾದ್ದಾಗಿರಲಿಲ್ಲ.

ಸುಳ್ಳು ಹೇಳುವುದು ಸುಲಭವಿತ್ತು. ಮಾದರಿಗಳು ಕಪಾಟಿನಲ್ಲೇ ಇದ್ದವು. ಯುದ್ಧಕಾಲದ ಅಧಿಕಾರಿಗಳು ಸತ್ತವರ ಮನೆಗೆ ಬರೆದ ನೂರ ನಲವತ್ತು ಪತ್ರಗಳನ್ನು ಅವನು ಓದಿದ್ದ. ಎಲ್ಲದರಲ್ಲೂ ನಿಮ್ಮ ಮಗ ತಕ್ಷಣ ಸತ್ತ, ನೋವು ತಿಳಿಯಲಿಲ್ಲ. ಒಂದು ವಿಮಾನದ ಮೂವರು ರೆಕ್ಕೆ ಹಿಡಿದು ರಾತ್ರಿಯಿಡೀ ತೇಲಿದ್ದರು. ಹುಡುಕುವವರು ಬೇರೆ ಕೊಲ್ಲಿಗೆ ಹೋಗಿದ್ದರು. ಅವರೂ ಪತ್ರದಲ್ಲಿ ತಕ್ಷಣ ಸತ್ತಿದ್ದರು. ಆ ಯುದ್ಧದಲ್ಲಿ ನಿಧಾನವಾಗಿ ಸತ್ತವರೇ ಇಲ್ಲ.

ಅಂಥದೇ ಒಂದು ಪತ್ರ ಬರೆದ. ನಾಲ್ಕು ಸಾಲು. ಕಳಿಸಿದರೆ ನೀಲಾಂಬಿಕಾ ಬಿಡುಗಡೆಯಾಗುತ್ತಾಳೆ, ಬಹುಶಃ ಅವನ ಕಡೆಗೇ ಬರುತ್ತಾಳೆ. ನಿಜ ಹೇಳಿದರೆ ಅತ್ತೆಯ ಮನೆಯ ಬಾಗಿಲು ಹಾಕಿಕೊಂಡು ಒಳಗಿದ್ದುಬಿಡುತ್ತಾಳೆ. ಎರಡು ದಿನ ಪತ್ರವನ್ನು ಟೇಬಲ್ ಮೇಲಿಟ್ಟುಕೊಂಡಿದ್ದ. ಮೂರನೇ ದಿನ ಸಿಡ್ನಿಗೆ ಟಿಕೆಟ್ ಬುಕ್ ಮಾಡಿದ.

ರೋಸ್ ಬೇಯ ದಡದ ಗೋಡೆಯ ಮೇಲೆ ಕೂತರು. ಒಂದು ಕಾಲಕ್ಕೆ ಫ್ಲೈಯಿಂಗ್ ಬೋಟುಗಳು ಇಳಿಯುತ್ತಿದ್ದ ಜಾಗ. ಈಗ ಶ್ರೀಮಂತರ ನಾಯಿಗಳು ಓಡಾಡುತ್ತಿದ್ದವು. ಜೂನ್ ತಿಂಗಳ ಚಳಿಗಾಲದ ಗಾಳಿ ಸ್ವೆಟರ್ ದಾಟಿ ಬರುತ್ತಿತ್ತು. ಅವಳು ತೆಳು ಕಾಟನ್ ಕುರ್ತಾದಲ್ಲಿದ್ದಳು, ಚಳಿಯ ಕಡೆ ಲಕ್ಷ್ಯವಿರಲಿಲ್ಲ.

“ಹೇಳಿ,” ಅಂದಳು.

“ಬಿದ್ದಾಗ ಬಂಡೆಗೆ ತಲೆ ಬಡಿದಿದ್ರೆ ಎರಡೇ ನಿಮಿಷ. ಬಡೀದೆ ಆಚೆಗೆ ತೇಲಿದ್ರೆ, ಅಂಥ ನೀರಲ್ಲಿ ಮೂರು ನಾಲ್ಕು ಗಂಟೆ ಬದುಕಿದೋರು ನನ್ನ ಕಡತದಲ್ಲೇ ಇದಾರೆ. ಒಂದೂವರೆಗೆ ಹೆಲಿಕಾಪ್ಟರ್ ಅಲ್ಲಿಗೇ ಹೋಗಿದ್ರೆ ಸಿಗೋ ಸಾಧ್ಯತೆ ಇತ್ತು. ಚಿಕ್ಕದು. ಆದರೆ ಸೊನ್ನೆ ಅಲ್ಲ.”

ನಾಯಿಯೊಂದು ಬಂದು ಅವಳ ಚಪ್ಪಲಿ ಮೂಸಿ ಹೋಯಿತು.

“ಏನೂ ಮಾಡೋಕಾಗ್ತಿರ್ಲಿಲ್ಲ ಬಿಡು ಅಂದ್ರು ಎಲ್ಲರೂ,” ಅಂದಳು. “ಪಕ್ಕದ್ಮನೆ ಗಿರಿಜಾ ಆಂಟಿ, ಕೌನ್ಸೆಲರ್, ನಮ್ಮಣ್ಣ. ಒಬ್ಬರೂ ಲೆಕ್ಕ ಹಾಕಿರ್ಲಿಲ್ಲ.”

“ಹ್ಞೂಂ.”

“ನೀವೂ ಹಾಗೇ ಅನ್ಬೋದಿತ್ತು.”

“ಬರೆದಿದ್ದೆ. ಚೆನ್ನಾಗೇ ಬಂದಿತ್ತು.”

“ಮತ್ತೆ ಯಾಕೆ ಕೊಡಲಿಲ್ಲ?”

“ಅದರಿಂದ ನನಗೆ ಲಾಭ ಇತ್ತು.”

ಅವಳು ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡಿದಳು. ಕಿವಿಯಿಂದ ಶುರುಮಾಡಿ, ಹಣೆಗೆ ಹೋಗಿ, ಕೊನೆಗೆ ಕಣ್ಣಿಗೆ ಬಂದಳು. ಕ್ಲೇಮಿನ ಕೊನೆಯ ಪುಟವನ್ನು ಬಹುಶಃ ಹಾಗೇ ನೋಡುತ್ತಿದ್ದಳು.

“ಎಂಥ ಲಾಭ?”

“ನೀವು.”

ಅವಳು ತೋಳು ಕಟ್ಟಿಕೊಂಡಳು. “ಗಾಳಿ ತುಂಬ ತಣ್ಣಗಿದೆ, ಅಲ್ವಾ?”

“ಬೆಳಿಗ್ಗೆಯಿಂದ.”

“ನಂಗೆ ಈಗ ಗೊತ್ತಾಯ್ತು.” ಎದ್ದು ನಿಂತಳು. “ಅತ್ತೆಗೆ ಹೇಳ್ಬೇಕು. ಇವತ್ತೇ. ನೀವೂ ಬನ್ನಿ, ಒಬ್ಬಳಿಗೇ ಆಗಲ್ಲ.”

ಅತ್ತೆ ಅನ್ನಪೂರ್ಣವ್ವ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಸುಧನ್ವ ಬಾಗಿಲಲ್ಲೇ ನಿಂತ. ನೀಲಾಂಬಿಕಾ ಅತ್ತೆಯ ಬೆನ್ನಿಗೇ ಎಲ್ಲವನ್ನೂ ಹೇಳಿದಳು: ಮೀನು, ಬಂಡೆ, ವಾಕಿಂಗ್ ಎಂಬ ಸುಳ್ಳು, ಎರಡು ತಾಸು, ಸೊನ್ನೆಯಲ್ಲದ ಸಾಧ್ಯತೆ. ರೊಟ್ಟಿಯ ಸದ್ದು ನಿಲ್ಲಲಿಲ್ಲ. ರೊಟ್ಟಿ ಮಾತ್ರ ಆಗಲೇ ಕೈಯಗಲ ಮೀರಿ ತೆಳ್ಳಗಾಗಿ ಹರಿಯತೊಡಗಿತ್ತು.

“ನನ್ನಿಂದ ಆತ್ರಿ ಅತ್ತೀ,” ಅಂದಳು ಕೊನೆಗೆ.

ಸದ್ದು ನಿಂತಿತು.

“ಅವನ ಜಾಕೀಟ ಯಾರ ತೊಳೀತಿದ್ರು ನೀಲವ್ವ?”

“ನೀವ್ರಿ.”

“ಮೂಗು ಐತಲ್ಲ ನನಗ? ಎಲ್ಲಾ ಗೊತ್ತಿತ್ತು. ಪೊಲೀಸರು ಕೇಳಿದಾಗ ನೀ ವಾಕಿಂಗ್ ಅಂದಿ. ಸುಳ್ಳು ಅಂತ ಅಲ್ಲೇ ತಿಳೀತು. ಅಲ್ಲ, ಮೀನ ಹಿಡಿಯಾಕ ಹೋಗ್ಯಾನ ಅಂತ ನಾ ಹೇಳಬೇಕಿತ್ತು. ಮಂದಿ ಏನಂತಾರ ಅಂತ ಬಾಯಿ ಮುಚ್ಚಿಕೊಂಡು ನಿಂತೆ.” ಅವರು ಹಿಟ್ಟನ್ನು ಮತ್ತೆ ಉಂಡೆ ಮಾಡಿದರು. “ಎರಡೂ ತಾಸು ನೀನs ಹೊರಬ್ಯಾಡ. ಅದರಾಗ ಒಂದು ತಾಸು ನಂದು.”

ಕಾದ ಹಂಚು ಖಾಲಿಯೇ ಹೊಗೆಯಾಡುತ್ತಿತ್ತು. ಮುದುಕಿಯ ಕಣ್ಣು ಬಾಗಿಲ ಕಡೆ ತಿರುಗಿತು.

“ಈ ಲೆಕ್ಕಾ ಹಾಕಿದಾಂವ ನೀನs ಏನಪಾ?”

“ಹೌದಮ್ಮ. ಸುಧನ್ವ ಅಂತ. ಮೆಲ್ಬರ್ನ್‌ನಿಂದ ಬಂದೆ.”

“ಊರು?”

“ಕುಂದಾಪುರ.”

“ಹಂಗಾರ ಮೀನ ತಿಂತೀ.”

ಸುಧನ್ವ ನೀಲಾಂಬಿಕಾಳನ್ನು ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ.

“ತಿಂತೀನಮ್ಮ.”

“ಹೇಳಿ ತಿನ್ನು,” ಅಂದರು ಅನ್ನಪೂರ್ಣವ್ವ. “ಎಲ್ಲಿಗೆ ಹೊಂಟೀನಿ ಅಂತ ಈಕಿಗೆ ಹೇಳಿ ಹೋಗು. ನಾಳೆ ಯಾರರ ಬಂದು ಕೇಳಿದ್ರ, ಈಕಿಗೆ ಖರೇ ಹೇಳಾಕ ಬರಬೇಕು.”

ನೀಲಾಂಬಿಕಾ ಅಳತೊಡಗಿದ್ದು ಆಗ. ಮೂರು ವರ್ಷ ತಡವಾಗಿ, ಫ್ರಿಜ್ಜಿಗೆ ಒರಗಿ, ಚೂರೂ ಚೆನ್ನಾಗಿ ಕಾಣದ ಹಾಗೆ. ಅಷ್ಟು ದೊಡ್ಡ ಸದ್ದು ಅವಳೊಳಗೆ ಇದ್ದೀತೆಂದು ಸುಧನ್ವನಿಗೆ ಯಾವ ಲೆಕ್ಕದಲ್ಲೂ ಸಿಕ್ಕಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಅವನು ಮುದುಕಿಯ ಮುಖ ನೋಡಿದ.

“ನನ್ನೇನ ನೋಡ್ತೀ? ಹೋಗಿ ಆಕೀ ಕೈ ಹಿಡೀಯಪಾ,” ಅಂದರು ಅನ್ನಪೂರ್ಣವ್ವ, ಎರಡೂ ಅಂಗೈ ಎತ್ತಿ ತೋರಿಸುತ್ತ. “ನನ್ನ ಕೈ ಹಿಟ್ಟಾಗ್ಯಾವ.”