ಹಸನ್ ಹೊದ್ದ ಟವೆಲ್

ಮಗ್ಗದಿಂದ ಇಳಿಸಿದ ಮದುವೆ ಸೀರೆಯನ್ನು ಮಾಲೀಕ ಕೊಂಡಪ್ಪ ಬೆಳಕಿಗೆ ಹಿಡಿದು ನೋಡಿದ. ಎಡ ಅಂಚಿನ ಪಕ್ಕ ಒಂದು ಎಳೆಯೇ ಇಲ್ಲ! ಸೆರಗಿನವರೆಗೂ ಉದ್ದಕ್ಕೆ ಗೆರೆ ಬಿದ್ದಿದೆ. ಈ ವಾರ ಹೀಗೇ ಎಡಗಡೆ ಹಾಳಾದ ಮೂರನೆಯ ಸೀರೆ.

“ಬೇಕಂತ್ಲೇ ಬ್ಲೇಡ್ ಹಾಕಿದ್ದೀಯ!” ನೇಕಾರ ಹಸನ್ ಮೇಲೆ ಎಗರಿದ. “ಅದಕ್ಕೇ ಮುಖ ಮರೆಸ್ಕೊಂಡು ನಿಲ್ತೀಯ!”

ಹಸನ್ ತಲೆಗೆ ಹೊದ್ದು ಎಡಕ್ಕೆ ಇಳಿಬಿಟ್ಟಿದ್ದ ಟವೆಲನ್ನು ಕೊಂಡಪ್ಪ ಎಲ್ಲರೆದುರು ಕಿತ್ತು ನೆಲಕ್ಕೆಸೆದ. ಹಸನ್ ತುಟಿ ಬಿಚ್ಚಲಿಲ್ಲ. ಬಾಯಿ ಬಿಡದವನು ತಪ್ಪಿತಸ್ಥನೇ ಅಲ್ಲವೇ? ಕೊಂಡಪ್ಪನ ನ್ಯಾಯ ಅಷ್ಟು ಸಲೀಸು. ಸಂಜೆಯೊಳಗೆ ಕೆಲಸ ಬಿಟ್ಟು ಹೊರಡು ಎಂದುಬಿಟ್ಟ.

ಕೊಂಡಪ್ಪನ ಹೆಂಡತಿ ಅನುಸೂಯಮ್ಮನ ತಂಗಿ ಶಾಮಲಾ ಅಂದು ದೊಡ್ಡಬಳ್ಳಾಪುರಕ್ಕೆ ಬಂದವಳು ಇದೆಲ್ಲ ನೋಡುತ್ತಿದ್ದಳು. ಪೊಲೀಸ್ ಕೆಲಸದಲ್ಲಿ ಪಳಗಿದವಳು. ಸೀರೆಯನ್ನು ಕಣ್ಣಿನ ಹತ್ತಿರ ಹಿಡಿದಳು.

“ಭಾವ, ಬ್ಲೇಡಲ್ಲಿ ಕುಯ್ದಿದ್ರೆ ಎಳೆ ತುದಿ ಚೊಕ್ಕವಾಗಿರ್ತಿತ್ತು. ಇದು ಹಿಂಜಿದೆ. ತಾನಾಗೇ ಕಡಿದಿರೋದು.”

“ದಿನಾ ಕಡೀತದೆ! ನೋಡಿ ಗಂಟು ಹಾಕ್ಬೇಕಾದೋನು ಇವ್ನು. ಯಾಕ್ ನೋಡ್ಲಿಲ್ಲ?”

“ಅದೂ ಮೂರು ಸಲ, ಮೂರೂ ಸಲ ಎಡಗಡೆ—ಯಾಕೆ? ಹಸನ್, ಈ ಟವೆಲ್ ಯಾವಾಗಿಂದ?”

ಹಸನ್ ನೆಲದ ಮೇಲಿನ ಟವೆಲನ್ನೇ ನೋಡಿದ.

“ಸರಿ. ಭಾವ, ನೀವೇ ಮಗ್ಗದ ಮುಂದೆ ನಿಂತ್ಕೊಳ್ಳಿ. ಎಳೆ ಕಡಿದ ಕೂಡ್ಲೆ ಕೂಗಿ.”

ಕತ್ತರಿ ಹಿಡಿದು ಶಾಮಲಾ ಮಗ್ಗದ ಹಿಂದೆ ಹೋದಳು. ಹಸನ್ ಮಗ್ಗ ಚಾಲೂ ಮಾಡಿದ, ಲಾಳಿ ಓಡಿತು. ಕೊಂಡಪ್ಪ ಬಟ್ಟೆಯನ್ನೇ ದುರುಗುಟ್ಟಿ ನೋಡಿದ. ಕೂಗಲೇ ಇಲ್ಲ.

“ಎಡಗಡೆ ಒಂದೆಳೆ ಆಗ್ಲೇ ಕತ್ತರಿಸಿದೆ ಭಾವ.”

ಗೋಡೆಯಿಂದ ಒಂದು ಪ್ಲಗ್ ಕಿತ್ತಳು; ಮಗ್ಗ ಓಡುತ್ತಲೇ ಇತ್ತು. ಮತ್ತೊಂದು ಎಳೆ ಕತ್ತರಿಸಿದಳು.

“ಕಡೀತು!” ಕೊಂಡಪ್ಪ ತಕ್ಷಣ ಕೂಗಿದ.

ಶಾಮಲಾ ಮಗ್ಗದ ಎಡಕ್ಕಿದ್ದ ಸುಬ್ರಹ್ಮಣ್ಯನ ಪಟ ತೋರಿಸಿದಳು. ಅದರ ಸುತ್ತಲಿನ ಮಿಣುಕು ದೀಪಗಳ ಸೀರಿಯಲ್ ಸೆಟ್ ಈಗ ಆರಿತ್ತು.

“ಸೀರೆ ಕೆಡಿಸಿದ್ದು ಇದು. ಪಕ್ಕದಲ್ಲೇ ಕೆಂಪು, ಹಸಿರು ಮಿಣಮಿಣ ಅಂತಿತ್ತು. ಬಟ್ಟೆನೇ ನೋಡ್ತಿದ್ದೀನಿ ಅಂದ್ಕೊಂಡ್ರಿ, ಗಮನ ಅದ್ರ ಹಿಂದೆ ಓಡ್ತಿತ್ತು. ಹಸನ್ ಟವೆಲನ್ನ ಎಡಗಡೆಗೇ ಇಳಿಬಿಟ್ಟಿದ್ದ—ಅದನ್ನ ಯಾರೂ ಗಮನಿಸ್ಲಿಲ್ಲ. ಮರೆ ಮಾಡಿದ್ದು ಮುಖಾನಲ್ಲ, ದೀಪಾನ. ಟವೆಲ್ ಜಾರ್ದಾಗೆಲ್ಲ ಕಡಿದ ಎಳೆ ಅವ್ನ ಕಣ್ತಪ್ಪಿದೆ.”

“ಅಯ್ಯೋ, ನಾನೇ ಕಟ್ಟಿದ್ದು!” ಅನುಸೂಯಮ್ಮ ಕೆನ್ನೆಗೆ ಕೈಯಿಟ್ಟಳು. “ಹೋದ ವಾರ, ಮಗ್ಗ ಚೆನ್ನಾಗಿ ನಡೀಲಿ ಅಂತ. ಯಾಕ್ ಹೇಳ್ಲಿಲ್ವೋ ಹಸನ್?”

“ದೇವರ ದೀಪ ಅಮ್ಮಾ. ಆರ್ಸಿ ಅಂತ ನಾನು ಹೆಂಗೆ ಹೇಳ್ಲಿ?”

ಹಸನ್ ಹೇಳಿದ್ದರೆ ತಾನು ಏನೆನ್ನುತ್ತಿದ್ದೆ ಎಂಬುದು ಕೊಂಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಬಗ್ಗಿ ಟವೆಲ್ ಎತ್ತಿಕೊಂಡ, ಧೂಳು ಕೊಡವಿದ.

“ತಪ್ಪಾಯ್ತು ಕಣಪ್ಪಾ.”

ಹಸನ್ ಅದನ್ನು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡ. ಶಾಮಲಾ ಕತ್ತರಿಸಿದ್ದ ಎಳೆಗಳಿಗೆ ಗಂಟು ಹಾಕತೊಡಗಿದ.