ಬಿಚ್ಚಿದ ಗಂಟು

ನಾನು ಸುಮ್ಮನೆ ಹೆದರುವವನಲ್ಲ, ತಯಾರಿಯಿಲ್ಲದೆ ಕಾಡಿಗೆ ಕಾಲಿಡುವವನೂ ಅಲ್ಲ. ೧೯೭೯ರ ಬೇಸಿಗೆಯ ಒಂದು ಮುಂಜಾನೆ, ಬೆಳಗಾವಿಯ ಕ್ಯಾಂಪ್ ಬಡಾವಣೆಯಿಂದ ಗೆಳೆಯ ಗುರುಸಿದ್ದನ ಜೊತೆ ಖಾನಾಪುರದ ಆಚೆಗಿನ ಕಾಡಿಗೆ ಹೋಗಿದ್ದೆ. ನೀರು, ಬುತ್ತಿ, ಬ್ಯಾಟರಿ ಎಲ್ಲ ಇತ್ತು. ಕಾಡಂಚಿನ ಕೊನೆಯ ಮನೆ ಭರಮವ್ವನದು. ಕಾಡಿನೊಳಗೆ ಹೋಗುವವರು ಅವಳ ಬಾಗಿಲ ಹಗ್ಗಕ್ಕೆ ತಲೆಗೊಂದು ಗಂಟು ಹಾಕಿ, ಮರಳಿದಾಗ ತಾವೇ ಬಿಚ್ಚಬೇಕು. ಹೊತ್ತು ಮುಳುಗಿದರೂ ಗಂಟು ಉಳಿದಿದ್ದರೆ ಊರವರು ಹುಡುಕಲು ಹೊರಡುತ್ತಿದ್ದರು. ನಾವೂ ಎರಡು ಗಂಟು ಹಾಕಿ ಹೊರಟೆವು.

ಮಧ್ಯಾಹ್ನ ಗುರುಸಿದ್ದ ಹಳ್ಳದಲ್ಲಿ ಜಾರಿ ಎಡಗಾಲು ಉಳುಕಿಸಿಕೊಂಡ. ಊರವರು ಬಂದೇ ಬರುತ್ತಾರೆಂದು ಕಾದೆವು. ಕತ್ತಲಾದರೂ ಯಾರೂ ಬರಲಿಲ್ಲ. ಕೊನೆಗೆ ಅವನನ್ನು ಹೆಗಲಿಗೆ ಆನಿಸಿಕೊಂಡು ಹೇಗೋ ಆ ಮನೆ ಮುಟ್ಟಿದೆ. ಹಗ್ಗದಲ್ಲಿ ಒಂದು ಗಂಟೂ ಇರಲಿಲ್ಲ. ಮುಟ್ಟಿದರೆ ಅದು ಹಳ್ಳದ ನೀರಿನಷ್ಟು ತಣ್ಣಗೆ, ಒದ್ದೆಯಾಗಿತ್ತು.

"ಯಾಕವ್ವಾ, ಯಾರನ್ನೂ ಕಳಸಲಿಲ್ಲ?" ಎಂದೆ ಸಿಟ್ಟಿನಿಂದ.

"ಯಾಕ ಕಳಸಲಿ? ನೀವು ಹೋದ ಬೆನ್ನಿಗೇ ಇವರು ತಿರುಗಿ ಬಂದು ಎರಡೂ ಗಂಟು ಬಿಚ್ಚಿದ್ರಲ್ಲ! 'ಸಮದ ಹಿಂದ ಬರಾಕತ್ತಾನ' ಅಂತ ನಿಮ್ಮ ಹೆಸರು ಹೇಳಿದ್ರು," ಎಂದು ಭರಮವ್ವ ಗುರುಸಿದ್ದನತ್ತ ಕೈ ಮಾಡಿದಳು. ಆಮೇಲೆ ಕಂದೀಲು ತಗ್ಗಿಸಿ ಅವನ ಎಡಗಾಲು ನೋಡಿದಳು.

"ಮುಂಜಾನೆ ಇಷ್ಟು ಬಾತಿರಲಿಲ್ರಿ. ಬರೇ ಕುಂಟಾಕತ್ತಿದ್ರಿ."