ಮೇಷ್ಟ್ರ ಕೆಲಸ

"ಮೇಷ್ಟ್ರು ಅಂತ ಬರೆದಿದೆ. ಅವರೆಲ್ಲಿ? ಅವರ ಟಿಕೆಟ್ ಕೊಡು ಪುಟ್ಟಾ," ಎಂದಳು ವಿಮಾನದ ಕೌಂಟರಿನ ಅಕ್ಕ, ಫಾರಮ್ಮಿನಿಂದ ತಲೆ ಎತ್ತದೆ.

"ಇಲ್ಲೇ ಇದ್ದಾರೆ." ಹುಡುಗಿ ಕೆಳಗೆ ಬೆರಳು ತೋರಿಸಿದಳು.

ಕೌಂಟರಿನ ಅಕ್ಕ ಎದ್ದು ಬಗ್ಗಿ ನೋಡಿದಳು. ಅಮ್ಮನ ಎಡಗಾಲಿನ ಪಕ್ಕ ಕಂದು ಬಣ್ಣದ ದೊಡ್ಡ ನಾಯಿಯೊಂದು ಕೂತಿತ್ತು. ಅದರ ಎದೆಗೂ ಬೆನ್ನಿಗೂ ಚರ್ಮದ ಪಟ್ಟಿ, ಪಟ್ಟಿಗೊಂದು ಗಟ್ಟಿ ಹಿಡಿ. ಹಿಡಿ ಅಮ್ಮನ ಕೈಯಲ್ಲಿತ್ತು. ಅಮ್ಮನಿಗೆ ಕಣ್ಣು ಕಾಣುವುದಿಲ್ಲ.

"ಓ, ನಾಯೀನಾ ಮೇಷ್ಟ್ರು," ಎಂದಳು ಅಕ್ಕ. ನಗುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಹೋದ ವರ್ಷ ನಾಯಿ ಮನೆಗೆ ಬಂದಾಗ, ಅದರ ಗಂಭೀರವಾದ ಮುಖ ನೋಡಿ ಹುಡುಗಿಯೇ ಆ ಹೆಸರಿಟ್ಟಿದ್ದಳು. ಮೇಷ್ಟ್ರು ಅಂದಮೇಲೆ ಏಕವಚನದಲ್ಲಿ ಮಾತಾಡಿಸುವುದು ಹೇಗೆ? ಹಾಗಾಗಿ ಮನೆಯಲ್ಲಿ "ಮೇಷ್ಟ್ರು ಊಟ ಮಾಡಿದ್ರಾ?" ಎಂದೇ ಕೇಳುತ್ತಿದ್ದರು.

ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವರು ಅವರು. ಐದು ಗಂಟೆ ಬಸ್ಸು, ಆಮೇಲೆ ಈ ಕ್ಯೂ. ನಾಳೆ ಒಂಬತ್ತಕ್ಕೆ ಅಮ್ಮ ದೂರದ ಊರಿನ ಆಸ್ಪತ್ರೆಯಲ್ಲಿ ಟೆಲಿಫೋನ್ ಕೆಲಸದ ಟ್ರೈನಿಂಗಿಗೆ ಹಾಜರಿರಬೇಕು. ಮೊದಲ ದಿನ ಬಾರದವರ ಕೆಲಸ ಬೇರೆಯವರಿಗೆ ಎಂದು ಪತ್ರದಲ್ಲೇ ಬರೆದಿದ್ದರು. ಆ ಊರಿನಲ್ಲಿ ದೊಡ್ಡಮ್ಮ ಇದ್ದಾರೆ. ಶಾಲೆಗೆ ರಜೆ ಇದ್ದುದರಿಂದ ಹುಡುಗಿಯೂ ಹೊರಟಿದ್ದಳು.

ಕೌಂಟರಿನ ಅಕ್ಕ ಫಾರಂ ಓದುತ್ತಾ ಓದುತ್ತಾ ಒಂದು ಕಡೆ ತಡೆದಳು. "ಪುಟ್ಟಾ, ಅಮ್ಮಂಗೆ ಹೇಳು. ಈ ನಾಯಿ ಕ್ಯಾಬಿನ್ ಒಳಗೆ ಬರೋ ಹಾಗಿಲ್ಲ."

"ನನಗೆ ಕಿವಿ ಕೇಳುತ್ತೆ," ಎಂದಳು ಅಮ್ಮ. ಬೆಳಿಗ್ಗೆಯಿಂದ ಅವಳು ಈ ಮಾತು ಹೇಳುತ್ತಿರುವುದು ನಾಲ್ಕನೇ ಸಲ.

"ಸಾರಿ ಮೇಡಂ. ಒಳಗೆ ಜಾಗ ಇರೋದು ಕೆಲಸದ ನಾಯಿಗೆ ಮಾತ್ರ. ಸಾಕುನಾಯಿ ಆದ್ರೆ ಬೋನಲ್ಲಿ ಹಾಕಿ, ಕೆಳಗೆ ಲಗೇಜ್ ಇಡೋ ಕಡೆ ಕಳಿಸ್ತೀವಿ."

"ಇದು ಕೆಲಸದ ನಾಯೀನೇ."

"ಫಾರಮ್ಮಲ್ಲಿ ಹಾಗಿಲ್ಲ." ಅಕ್ಕ ಓದಿದಳು. "'ನಾಯಿಗೆ ಯಾವ ಕೆಲಸ ಕಲಿಸಲಾಗಿದೆ?' ಇದಕ್ಕೆ ನಿಮ್ಮ ಉತ್ತರ, 'ಅಮ್ಮನ ಜೊತೆ ಇರುವುದು. ಅಮ್ಮನಿಗೆ ಬೇಜಾರಾದಾಗ ಪಕ್ಕ ಕೂರುವುದು.' ಜೊತೆಗಿರೋದನ್ನ ಕೆಲಸ ಅಂತ ನಾವು ಒಪ್ಪಲ್ಲ ಮೇಡಂ. ನಿನ್ನೆ ಒಬ್ಬರು ಇದೇ ಮಾತು ಹೇಳ್ಕೊಂಡು ಗಿಳಿ ತಂದಿದ್ರು."

"ಇವತ್ತಿಗೆ ಮುಗಿಯುತ್ತೇನಮ್ಮಾ ಇದು?" ಎಂದು ಕ್ಯೂನಲ್ಲಿ ಹಿಂದಿನಿಂದ ಯಾರೋ ಗೊಣಗಿದರು.

ಹುಡುಗಿಯ ಕಿವಿ ಬಿಸಿಯಾಯಿತು. ಹೋದ ವಾರ ಅಮ್ಮ ಒಂದೊಂದೇ ಸಾಲು ಹೇಳಿ ಅವಳ ಕೈಯಲ್ಲಿ ಫಾರಂ ತುಂಬಿಸಿ ವಿಮಾನದವರಿಗೆ ಕಳಿಸಿದ್ದಳು. ಆ ಪ್ರಶ್ನೆಗೆ, "ದಾರಿ ತೋರಿಸುವುದು ಅಂತ ಬರಿ," ಎಂದಿದ್ದಳು. ಆಮೇಲೆ "ಬರೆದ್ಯಾ?" ಎಂದು ಕೇಳಿದ್ದಳು. "ಬರೆದೆ," ಎಂದಿದ್ದಳು ಹುಡುಗಿ.

"ಅವರು ಓದಿದ ಹಾಗೇ ಬರೆದ್ಯಾ ಪುಟ್ಟಿ?" ಅಮ್ಮ ಮೆಲ್ಲಗೆ ಕೇಳಿದಳು.

"ಹ್ಞೂಂ."



"ಅಲ್ಲಿ ಕೂತಿರಿ. ನಮ್ಮ ಸಾಹೇಬ್ರು ಬಂದು ನೋಡ್ತಾರೆ," ಎಂದಳು ಅಕ್ಕ. "ಕೌಂಟರ್ ಮುಚ್ಚೋಕೆ ಇನ್ನು ಅರ್ಧ ಗಂಟೆ ಇದೆ. ಅಷ್ಟರೊಳಗೆ ಆಗ್ಬೇಕು."

ಗೋಡೆ ಪಕ್ಕದ ಕಬ್ಬಿಣದ ಕುರ್ಚಿಗಳು ತಣ್ಣಗಿದ್ದವು. ನೆಲ ಒರೆಸುವವನು ಹತ್ತಿರ ಬಂದಾಗ ಮೇಷ್ಟ್ರು ತಾವಾಗಿಯೇ ಬಾಲ ಒಳಗೆಳೆದುಕೊಂಡರು. ಅಮ್ಮ ಸುಮ್ಮನೆ ಕೂತಿದ್ದಳು. ಆ ಸುಮ್ಮನಿರುವಿಕೆ ಹುಡುಗಿಗೆ ತಡೆಯಲಾಗಲಿಲ್ಲ.

"ಬೈಯಮ್ಮಾ."

"ಬೈಯೋಕೂ ಸುಸ್ತು ಕಣೇ." ಅಮ್ಮ ಅವಳ ಕಡೆ ತಿರುಗಿ ಕೇಳಿದಳು, "ಯಾಕೆ ಹಾಗೆ ಬರೆದೆ?"

"ದಾರಿ ತೋರಿಸೋದು ನನ್ನ ಕೆಲಸ ಆಗಿತ್ತಲ್ಲ."

ಹೌದು, ಆಗಿತ್ತು. ಅಂಗಡಿಗೆ, ಬ್ಯಾಂಕಿಗೆ, ಬಸ್ ಸ್ಟಾಪಿಗೆ ಹೋಗುವಾಗ ಅಮ್ಮನ ಕೈ ಅವಳ ಹೆಗಲ ಮೇಲಿರುತ್ತಿತ್ತು. ನೋಡಿದವರೆಲ್ಲ "ಎಷ್ಟು ಜಾಣೆ" ಎನ್ನುತ್ತಿದ್ದರು. ಮೇಷ್ಟ್ರು ಬಂದಮೇಲೆ ಜನ ಮೇಷ್ಟ್ರನ್ನೇ ಹೊಗಳತೊಡಗಿದರು. ಅವಳ ಹೆಗಲು ಖಾಲಿ ಆಯಿತು.

ಅಮ್ಮ ತಡಕಿ ಅವಳ ಮೊಣಕೈ ಹಿಡಿದಳು. ಅಲ್ಲಿದ್ದ ಹಳೆಯ ಗಾಯದ ಕಲೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಇದು ಹೇಗಾಯ್ತು?"

"ಬ್ಯಾಂಕ್ ಮುಂದೆ. ಸ್ಕೂಟರ್ ತಾಗಿ."

"ನಾನು ಅವಸರದಲ್ಲಿ ನಡಿ ಅಂದೆ. ನೀನು ನಡೆದೆ," ಎಂದಳು ಅಮ್ಮ. "ಗಾಡಿ ಬರ್ತಿದ್ರೆ ನಾನು ನೂರು ಸಲ ನಡಿ ಅಂದ್ರೂ ಮೇಷ್ಟ್ರು ಅಲ್ಲಾಡಲ್ಲ. ಅವರಿಗೆ ಅದನ್ನ ಕಲಿಸಿದ್ದಾರೆ."

ಹುಡುಗಿಗೆ ಗಾಯವಾದ ವಾರದ ಒಂದು ಸಂಜೆ ನೆನಪಾಯಿತು. ಆಗ ಮೊಣಕೈಗೆ ಇನ್ನೂ ಬ್ಯಾಂಡೇಜ್ ಇತ್ತು. ಅಡುಗೆಮನೆಯಲ್ಲಿ ನಿಂತು ಅಮ್ಮ ಫೋನಿನಲ್ಲಿ, "ನಾಯಿ ಸಿಗೋಕೆ ಎಷ್ಟು ದಿನ ಆಗುತ್ತೆ? ಇನ್ನೂ ಬೇಗ ಆಗಲ್ವಾ?" ಎಂದು ಕೇಳುತ್ತಿದ್ದಳು. ಅದಕ್ಕೂ ತನ್ನ ಗಾಯಕ್ಕೂ ಸಂಬಂಧವಿಲ್ಲ ಎಂದುಕೊಂಡು ಅವಳು ಹೋಂವರ್ಕ್ ಮಾಡುತ್ತಾ ಕೂತಿದ್ದಳು.

ಸಾಹೇಬರು ಬಂದರು. ಅವರ ಟೈ ಸಡಿಲವಾಗಿತ್ತು. ಫಾರಂ ಓದಿ, ನೇರವಾಗಿ ಅಮ್ಮನನ್ನೇ ಕೇಳಿದರು. "ಮೇಡಂ, ಈ ನಾಯಿಗೆ ಏನು ಕೆಲಸ ಕಲಿಸಿದ್ದಾರೆ?"

"ದಾರಿ ತೋರಿಸೋದು. ಮೆಟ್ಟಿಲು ಬಂದ್ರೆ ನಿಲ್ಲೋದು. ಅಪಾಯ ಇದ್ರೆ ನನ್ನ ಮಾತು ಕೇಳದೇ ಇರೋದು."

"ಮಾತು ಕೇಳದೇ ಇರೋದು ನನ್ನ ಮಗನಿಗೂ ಚೆನ್ನಾಗಿ ಬರುತ್ತೆ. ಯಾರೂ ಕಲಿಸ್ಲಿಲ್ಲ," ಎಂದರು ಸಾಹೇಬರು. ಆಮೇಲೆ ಹಣೆ ಉಜ್ಜಿಕೊಂಡರು. "ಆದ್ರೆ ಬರೆದಿರೋದೇ ಒಂದು, ನೀವು ಹೇಳ್ತಿರೋದೇ ಒಂದು. ನಾನು ಯಾವುದನ್ನ ನಂಬಲಿ?"

ಅಮ್ಮ ಉತ್ತರ ಕೊಡುವ ಮೊದಲೇ ಹುಡುಗಿ ಎದ್ದು ನಿಂತಳು.

"ಅಮ್ಮ ಸರಿಯಾಗೇ ಹೇಳಿದ್ದು. ನಾನು ಬೇಕೂಂತ ಬೇರೆ ಬರೆದೆ."

"ಬೇಕೂಂತಾ?"

"ಹ್ಞೂಂ. ಬೇಕೂಂತ."

ಸಾಹೇಬರು ಅವಳನ್ನು ತುಸು ಹೊತ್ತು ನೋಡಿದರು. ಯಾಕೆ ಎಂದು ಕೇಳಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. "ಫಾರಂ ಟೈಮಿಗೇ ಬಂದಿದೆ, ತಿದ್ದೋಕೆ ಇರೋದು ಒಂದೇ ಉತ್ತರ. ಸರಿಯಾಗಿ ಬರೆದು ಅಮ್ಮಂಗೆ ಓದಿ ಹೇಳು. ಅವರು ಹೌದು ಅಂದ್ರೆ ಸೈನ್ ಹಾಕ್ಲಿ."

ಅವಳು ಬರೆದಳು. ಒಂದೊಂದೇ ಪದ ಓದಿ ಹೇಳಿದಳು. ಅಮ್ಮ ತಲೆಯಾಡಿಸಿ, ಅವಳು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸೈನ್ ಮಾಡಿದಳು.

"ಇನ್ನೊಂದು ರೂಲ್ ಇದೆ," ಎಂದರು ಸಾಹೇಬರು. "ನಾಯಿ ಅಮ್ಮನ ಕಾಲ ಹತ್ರ ಮಲಗ್ಬೇಕು. ಈ ಗಾತ್ರ ನೋಡಿದ್ರೆ ಅರ್ಧ ನಾಯಿ ಪಕ್ಕದ ಸೀಟಿನವರ ಜಾಗಕ್ಕೆ ಹೋಗುತ್ತೆ. ಅವರು ಒಪ್ಪದಿದ್ರೆ ಆಗಲ್ಲ. ಪಕ್ಕದ ಸೀಟು ಯಾರದ್ದು?"

"ನನ್ನದು," ಎಂದಳು ಹುಡುಗಿ.

"ಹಾಗಾದ್ರೆ ನೀವು ಹೇಳಿ. ನೀವು ಒಪ್ತೀರಾ?"

ಅವಳು ಮೇಷ್ಟ್ರನ್ನು ನೋಡಿದಳು. ಅವರು ದೊಡ್ಡದಾಗಿ ಆಕಳಿಸಿದರು.

"ಒಪ್ತೀನಿ."

ವಿಮಾನ ಮೇಲೇರುವಾಗ ಮೇಷ್ಟ್ರು ಸೀಟುಗಳ ಮುಂದೆ ಮೂರು ಸುತ್ತು ತಿರುಗಿ, ಅಮ್ಮನ ಕಡೆ ಬಾಲ ಹಾಕಿ, ಹುಡುಗಿಯ ಎರಡೂ ಪಾದಗಳ ಮೇಲೆ ಎದೆಯಿಟ್ಟು ಮಲಗಿದರು. ಒಳ್ಳೇ ಭಾರ. ಸ್ವಲ್ಪ ಹೊತ್ತಿಗೆಲ್ಲ ಬೆರಳುಗಳು ಜೋಮು ಹಿಡಿದವು.

"ಅಮ್ಮಾ, ಮೇಷ್ಟ್ರಿಗೆ ಸ್ವಲ್ಪ ಆ ಕಡೆ ಸರೀರಿ ಅಂತ ಹೇಳ್ತೀಯಾ?"

ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅಮ್ಮ ನಿದ್ದೆ ಹೋಗಿದ್ದಳು. ಬಾಯಿ ಒಂದಿಷ್ಟು ತೆರೆದಿತ್ತು. ಎರಡು ಕೈಗಳೂ ಏನನ್ನೂ ಹಿಡಿಯದೆ ಮಡಿಲಲ್ಲಿ ಬಿದ್ದಿದ್ದವು.

ಮೊದಲೆಲ್ಲ ಎಷ್ಟೇ ದೂರದ ಬಸ್ಸಾದರೂ ಅಮ್ಮ ಅವಳ ಹೆಗಲು ಗಟ್ಟಿಯಾಗಿ ಹಿಡಿದು, ನೆಟ್ಟಗೆ ಕೂತೇ ಇರುತ್ತಿದ್ದಳು. ಹೊರಗೆಲ್ಲೂ ಅಮ್ಮ ನಿದ್ದೆ ಮಾಡಿದ್ದನ್ನು ಅವಳು ನೋಡಿಯೇ ಇರಲಿಲ್ಲ.

ಹುಡುಗಿ ಪಾದಗಳನ್ನು ಅಲ್ಲಾಡಿಸದೆ ಹಾಗೇ ಇಟ್ಟುಕೊಂಡಳು.